ಮೂರು ತಾಸಿನ ಪರೀಕ್ಷೆ, ಹದಿನೇಳು ವರ್ಷದ ಗ್ಯಾಪು

(ನಡುವಯಸ್ಸಿನಲ್ಲಿ ಮತ್ತೆ ಓದಲು ಹೊರಟವರ ಮುಂದೆ ಕೊಪ್ಪಳದಲ್ಲಿ ಒಂದು ಭಾನುವಾರ ಬೆಳಗ್ಗೆ ಮಾತಾಡಿದ್ದು. ಆಮೇಲೆ ಮನೆಯಲ್ಲಿ ಕೂತು ಬರೆದೆ. ಅವತ್ತು ಮೈಕು ಎರಡು ಸಲ ಕೈಕೊಟ್ಟಿತು. ಹಿಂದಿನ ಸಾಲಿನವರಿಗೆ ಕೇಳಿಸದೇ ಹೋದದ್ದೂ ಇದರಲ್ಲಿದೆ.)

ಎಲ್ಲರಿಗೂ ನಮಸ್ಕಾರ. ಮಾತಿಗಿಂತ ಮೊದಲು ಒಂದು ಪ್ರಶ್ನೆ ಕೇಳ್ತೀನಿ. ಪೆನ್ನು ಹಿಡಿದು ಒಂದು ಪೂರ್ತಿ ಪುಟ ಬರೆದು ಎಷ್ಟು ದಿನ ಆಯ್ತು? ಸಹಿ ಲೆಕ್ಕಕ್ಕಿಲ್ಲ. ಸಂತೆ ಚೀಟಿ ಲೆಕ್ಕಕ್ಕಿಲ್ಲ. ಸಂಘದ ಸಾಲದ ಫಾರಂ ತುಂಬಿದ್ದೂ ಲೆಕ್ಕಕ್ಕಿಲ್ಲ. ಈ ತಿಂಗಳು ಬರೆದವರು ಕೈ ಎತ್ತಿ.

ನಾಲ್ಕು ಕೈ. ಅದರಲ್ಲೂ ಇಬ್ಬರು ಮಕ್ಕಳ ಹೋಮ್‌ವರ್ಕ್ ಬರೆದುಕೊಟ್ಟವರು ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

ಇದನ್ನು ಯಾಕೆ ಕೇಳಿದೆ ಅಂದ್ರೆ, ನಾನು ಎಡವಿದ್ದು ಅಲ್ಲೇ. 1988ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ಮರು ವರ್ಷ ಮದುವೆ ಆಯ್ತು. ಆಮೇಲೆ ಇಬ್ಬರು ಮಕ್ಕಳು, ಎರಡು ಎಮ್ಮೆ, ಗಂಗಾವತಿ ಹತ್ತಿರದ ಊರಲ್ಲಿ ಒಂದು ತುಂಬಿದ ಮನೆ. 2005ರಲ್ಲಿ ಪಿಯುಸಿಗೆ ಖಾಸಗಿಯಾಗಿ ಕಟ್ಟಿದೆ. ಹದಿನೇಳು ವರ್ಷದ ಗ್ಯಾಪು. ಚೆನ್ನಾಗಿ ಓದಿದ್ದೆ. ಇತಿಹಾಸದ ಪೇಪರು ಕೈಗೆ ಬಂದಾಗ ಎಲ್ಲಾ ಗೊತ್ತಿರೋದೇ ಅಂತ ಖುಷಿ ಆಯ್ತು. ಒಂದು ತಾಸು ಬರೆದೆ. ಹೆಬ್ಬೆರಳ ಬುಡ ಸೆಟೆದುಕೊಂಡಿತು. ಇನ್ನರ್ಧ ತಾಸಿಗೆ ಪೆನ್ನು ಹಿಡಿಯೋಕೇ ಆಗಲಿಲ್ಲ. ಒಂದೇ ಉಸಿರಿಗೆ ಐವತ್ತು ರೊಟ್ಟಿ ಬಡಿಯೋ ಕೈ ಇದು. ಹತ್ತು ಪುಟ ಬರೆಯೋಕೆ ಆಗಲಿಲ್ಲ. ಉತ್ತರ ತಲೆಯಲ್ಲಿ ಇಟ್ಟುಕೊಂಡೇ 22 ಅಂಕದ ಪ್ರಶ್ನೆ ಬಿಟ್ಟು ಎದ್ದು ಬಂದೆ.

ಹೊರಗೆ ಬೇವಿನ ಗಿಡದ ಕೆಳಗೆ ಕೂತು ಅತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ಹೇಗೋ ಪಾಸಾದೆ, ಅದು ಬೇರೆ ಮಾತು.

ವಯಸ್ಸಾದ ಮೇಲೆ ತಲೆಗೆ ಹತ್ತಲ್ಲ ಅಂತ ಎಲ್ಲರೂ ಹೆದರ್ತಾರೆ. ನಾನು ಕಂಡ ಹಾಗೆ ತಲೆ ಅಷ್ಟು ಬೇಗ ಕೈ ಕೊಡಲ್ಲ. ಪಂಚಾಯ್ತಿಯಲ್ಲಿ ಎರಡು ಸಲ ಗೆದ್ದವರಿಗೆ ರಾಜ್ಯಶಾಸ್ತ್ರ ಯಾಕೆ ಹತ್ತಲ್ಲ ಹೇಳಿ. ಬಡ್ಡಿ, ಚಕ್ರಬಡ್ಡಿ ಬಾಯಿಲೆಕ್ಕ ಮಾಡೋರಿಗೆ ಅರ್ಥಶಾಸ್ತ್ರ ಯಾವ ದೊಡ್ಡದು? ಕೈ ಕೊಡೋದು ನಿಜವಾಗಿ ಕೈಯೇ. ಆಮೇಲೆ ಮನೆಯ ತಾಸುಗಳು. ಎಲ್ಲಕ್ಕಿಂತ ಜಾಸ್ತಿ, ಕಾಗದ. ಇವತ್ತು ಈ ಮೂರರ ಬಗ್ಗೆಯೇ ಮಾತಾಡ್ತೀನಿ. ಧೈರ್ಯ, ಛಲ, ಸಾಧನೆ ಅನ್ನೋದನ್ನೆಲ್ಲ ಸನ್ಮಾನದ ಭಾಷಣ ಮಾಡೋರಿಗೆ ಬಿಡೋಣ.

ಕೈಗೆ ಮದ್ದು ಸುಲಭ. ಫೀಸು ಕಟ್ಟಿದ ದಿನದಿಂದ ದಿನಾ ಎರಡು ಪುಟ ಬರೆಯಿರಿ. ಏನಾದರೂ ಬರೆಯಿರಿ. ನಾನು ಪೇಪರಿನ ಸಂಪಾದಕೀಯ ನೋಡಿ ಬರೀತಿದ್ದೆ. ಮೂರು ತಿಂಗಳಿಗೆ ಕೈ ಪಳಗಿತು. ಇಗ್ನೋ ಅಂದ್ರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಲ್ಲಿ ಅಸೈನ್‌ಮೆಂಟು ಕೈಯಲ್ಲೇ ಬರೆದು ಕೊಡಬೇಕು. ಬಿ.ಎ.ದಂಥ ಕೋರ್ಸುಗಳಲ್ಲಿ ಅದಕ್ಕೆ ನೂರಕ್ಕೆ 30 ಪಾಲು ಇರುತ್ತದೆ. ಉಳಿದ 70 ಪರೀಕ್ಷೆಗೆ. ಆ ಅಸೈನ್‌ಮೆಂಟನ್ನು ಮಗಳ ಕೈಯಲ್ಲಿ ಬರೆಸೋರನ್ನು ನೋಡಿದ್ದೀನಿ. 30 ಅಂಕ ಸಿಗುತ್ತದೆ, ನಿಜ. ಆದರೆ ಪರೀಕ್ಷೆ ಹಾಲಿಗೆ ಮಗಳು ಬರಲ್ಲ, ಅಲ್ವಾ?

ಇನ್ನು ತಾಸುಗಳ ವಿಷಯ. ಇದು ಹೆಂಗಸರಿಗೆ ಹೆಚ್ಚು ಗೊತ್ತು, ಗಂಡಸರು ಸ್ವಲ್ಪ ಕೇಳಿಸಿಕೊಳ್ಳಿ.

ದೂರಶಿಕ್ಷಣದವರಿಗೆ ನಡೆಸೋ ಭಾನುವಾರದ ಸಂಪರ್ಕ ತರಗತಿಗಳಲ್ಲಿ ನಾನು ಕನ್ನಡ ಹೇಳಿಕೊಡೋಕೆ ಶುರು ಮಾಡಿ ಹತ್ತು ವರ್ಷದ ಮೇಲಾಯ್ತು. ಅಲ್ಲಿ ಬಳ್ಳಾರಿಯಿಂದ ಒಬ್ಬ ಹೆಣ್ಣುಮಗಳು ಬರ್ತಿದ್ದಳು. ಮೂವತ್ತೆಂಟರ ಆಸುಪಾಸು. ಜೀನ್ಸ್ ಹೊಲಿಯೋ ಕೆಲಸ. ಬಳ್ಳಾರಿಯಲ್ಲಿ ಎಷ್ಟೋ ಮನೆಗಳಲ್ಲಿ ಮಿಷನ್ ಇರೋದು ನಿಮಗೆ ಗೊತ್ತು. ಒಬ್ಬರು ಕಾಲು ಹೊಲೀತಾರೆ, ಒಬ್ಬರು ಜಿಪ್ ಕೂರಿಸ್ತಾರೆ. ಈಕೆ ಬರೀ ಜೇಬು. ಪೀಸಿಗೆ ಇಷ್ಟು ಅಂತ ಲೆಕ್ಕ. ಒಂದಿನ ಕೇಳಿದೆ, "ಓದಾಕ ಟೈಮ್ ಹೆಂಗ ಹೊಂದಸ್ತೀಯವ್ವಾ?" ಅಂತ. ಆಕೆ ನಕ್ಕು ಹೇಳಿದ್ದು, "ಟೈಮ್ ಎಲ್ಲಿ ಐತ್ರಿ ಮೇಡಂ? ಒಂದು ಪಾಠ ಓದಿದ್ರ ನಲವತ್ತು ಜೇಬು ಹೋಗತಾವು."

ಅವತ್ತು ನನಗೆ ಒಂದು ವಿಷಯ ಸ್ಪಷ್ಟ ಆಯ್ತು. ನಾವು ಫೀಸು ಅಂತ ರಸೀದಿಯಲ್ಲಿ ಇರೋದನ್ನಷ್ಟೇ ಎಣಿಸ್ತೀವಿ. ದುಡಿಯೋರಿಗೆ ಓದಿನ ಖರ್ಚು ಆ ರಸೀದಿಗಿಂತ ದೊಡ್ಡದು. ಅದನ್ನು ಯಾವ ವಿದ್ಯಾರ್ಥಿವೇತನವೂ ತುಂಬಿಕೊಡಲ್ಲ. ಹಾಗಾಗಿ ನನ್ನ ಹತ್ತಿರ ಸಲಹೆ ಕೇಳಿ ಬಂದವರಿಗೆ ಮೊದಲು ಒಂದು ಕೆಲಸ ಹೇಳ್ತೀನಿ. ಒಂದು ವಾರ, ಬೆಳಗ್ಗೆಯಿಂದ ರಾತ್ರಿಯವರೆಗೆ ಯಾವ ತಾಸು ಯಾರಿಗೆ ಹೋಯ್ತು ಅಂತ ಬರೆದುಕೊಂಡು ಬನ್ನಿ. ಗಂಡಸರ ಹಾಳೆಯಲ್ಲಿ ಹೋಟೆಲು ಕಟ್ಟೆಯ ತಾಸುಗಳು ಸಿಗುತ್ತವೆ. ಮಿರ್ಚಿ, ಒಗ್ಗರಣಿ, ರಾಜಕೀಯ. ಅದನ್ನು ಅರ್ಧ ಮಾಡಿದರೆ ಒಂದು ಡಿಗ್ರಿ ಆಗುತ್ತದೆ. ಹೆಂಗಸರ ಹಾಳೆಯಲ್ಲಿ ಖಾಲಿ ತಾಸು ಅನ್ನೋದೇ ಇರಲ್ಲ. ಅಲ್ಲಿ ಯಾರ ಕೈಯಿಂದಲಾದರೂ ಕಿತ್ತುಕೊಳ್ಳಬೇಕು. ಅದಕ್ಕೆ ಮನೆಯವರ ಜೊತೆ ಫೀಸು ಕಟ್ಟೋಕೆ ಮುಂಚೆಯೇ ಮಾತಾಡಬೇಕು. ಕಟ್ಟಿದ ಮೇಲೆ ಮಾತಾಡಿದರೆ ಅದು ಜಗಳ ಆಗುತ್ತದೆ.

ನಮ್ಮ ಅತ್ತೆಯವರು ಕೊನೆಯವರೆಗೂ ಒಪ್ಪಲಿಲ್ಲ. "ಈಗ ಓದಿ ಏನು ಡಿಸಿ ಆಗಾಕಿದ್ದೀಯೇನ?" ಅಂತ ಬಂದವರ ಮುಂದೆಲ್ಲಾ ಅನ್ನೋರು. ಪರೀಕ್ಷೆಯ ದಿನ ಮಾತ್ರ ನಾನು ಏಳೋದರೊಳಗೆ ರೊಟ್ಟಿ ಬಡಿದಿಟ್ಟು, ಬುತ್ತಿ ಕಟ್ಟಿ ಇಟ್ಟಿರೋರು. ಆಗಲೂ ಬೈಯೋದು ನಿಲ್ಲಿಸ್ತಿರಲಿಲ್ಲ. ಬೈತಾ ಬೈತಾನೇ ಚಟ್ನಿಪುಡಿ ಹಾಕೋರು. ಅವರನ್ನು ಯಾವ ಲೆಕ್ಕಕ್ಕೆ ಹಾಕಲಿ ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಕಾಲದ ಇನ್ನೊಂದು ತೊಡಕು ಹೊಲದ್ದು. ಇಗ್ನೋ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಜೂನ್ ಅಂದ್ರೆ ಮುಂಗಾರು ಬಿತ್ತನೆ. ಡಿಸೆಂಬರ್ ಹೊತ್ತಿಗೆ ತುಂಗಭದ್ರಾ ಕಾಲುವೆ ಕಡೆ ಭತ್ತದ ಕೊಯ್ಲು, ಒಕ್ಕಣೆ, ಮಿಲ್ಲಿನ ಮುಂದೆ ಟ್ರ್ಯಾಕ್ಟರ್ ಸಾಲು. ಟೈಮ್ ಟೇಬಲ್ ಮಾಡಿದವರಿಗೆ ನಮ್ಮ ಹೊಲ ಗೊತ್ತಿಲ್ಲ. ಅದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಒಂದು ಅನುಕೂಲ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಇಗ್ನೋದ ಮೂರು ವರ್ಷದ ಬಿ.ಎ. ಮುಗಿಸೋಕೆ ಆರು ವರ್ಷದವರೆಗೆ ಅವಕಾಶ ಇರುತ್ತದೆ. ಎರಡು ವರ್ಷದ ಎಂ.ಎ.ಗೆ ನಾಲ್ಕು ವರ್ಷ. ಪ್ರತಿ ಸಲ ಎಲ್ಲಾ ಪೇಪರ್ ಬರೀಬೇಕು ಅಂತಿಲ್ಲ. ಬಿತ್ತನೆ ಇದ್ದರೆ ಎರಡೇ ಬರೆಯಿರಿ, ಉಳಿದದ್ದು ಮುಂದಿನ ಸಲ. ಎಲ್ಲಾ ಒಂದೇ ಏಟಿಗೆ ಬರೆಯೋಕೆ ಹೋಗಿ, ಎಲ್ಲದರಲ್ಲೂ ಹೋಗಿ, ಬೇಸರ ಮಾಡಿಕೊಂಡು ಬಿಟ್ಟವರೇ ಜಾಸ್ತಿ.

ಇಲ್ಲಿ ಒಂದು ಅಡ್ಡ ಮಾತು. 2017ರಲ್ಲಿ ಪಾಟ್ನಾದಲ್ಲಿ ರಾಜಕುಮಾರ್ ವೈಶ್ಯ ಅನ್ನೋ ಹಿರಿಯರು 98ನೇ ವಯಸ್ಸಿನಲ್ಲಿ ನಾಲಂದಾ ಮುಕ್ತ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದರು. ಪೇಪರಲ್ಲೆಲ್ಲಾ ಬಂತು. ನನಗೂ ಹತ್ತಾರು ಜನ ವಾಟ್ಸಾಪಿನಲ್ಲಿ ಕಳಿಸಿದರು. ಅವರಿಗೆ ಕೈ ಮುಗೀತೀನಿ. ಆದರೆ ಈ ಸುದ್ದಿಯಿಂದ ಇಲ್ಲಿ ಕೂತವರಿಗೆ ಏನೂ ಉಪಯೋಗ ಇಲ್ಲ. 98ರಲ್ಲಿ ಓದೋರನ್ನು ಊರೆಲ್ಲಾ ಹೊಗಳುತ್ತದೆ. 38ರಲ್ಲಿ ಓದೋ ಹೆಂಗಸಿಗೆ ಅದೇ ಊರು "ಮನಿ ಕೆಲಸ ಯಾರು ಮಾಡ್ತಾರ?" ಅನ್ನುತ್ತದೆ.

ಈಗ ಕಾಗದ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ನಮ್ಮ ಕಡೆಯವರು ಜಾಸ್ತಿ ಮೋಸ ಹೋಗೋದು ಇಲ್ಲೇ.

ನನಗೆ ಗೊತ್ತಿರೋ ಒಬ್ಬರು ಬಸ್ ಕಂಡಕ್ಟರ್. ಎಸ್ಸೆಸ್ಸೆಲ್ಸಿ ಆಗಿತ್ತು, ಪಿಯುಸಿ ಇರಲಿಲ್ಲ. ಪಿಯುಸಿ ಇಲ್ಲದಿದ್ದರೂ ಪರವಾಗಿಲ್ಲ, ವಯಸ್ಸು ಆಗಿದ್ದರೆ ಸಾಕು ಅಂತ ಒಂದು ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಬಿ.ಎ.ಗೆ ಸೇರಿಕೊಂಡರು. ರಾತ್ರಿ ಪಾಳಿ ಮುಗಿಸಿ ಡಿಪೋದಲ್ಲೇ ಓದಿ ಪಾಸಾದರು. ಆಮೇಲೆ ಲಾಯರ್ ಆಗೋಣ ಅಂತ ಮೂರು ವರ್ಷದ ಕಾನೂನು ಪದವಿಗೆ ಅರ್ಜಿ ಹಾಕಿದರು. ಆಗಲ್ಲ ಅಂದರು. ಬಾರ್ ಕೌನ್ಸಿಲ್ ಅಂದ್ರೆ ವಕೀಲರ ಮಂಡಳಿ, ಅದರ 2008ರ ನಿಯಮದಲ್ಲೇ ಇದೆ. ಹತ್ತನೇ ಕ್ಲಾಸು, ಹನ್ನೆರಡನೇ ಕ್ಲಾಸು ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ತಗೊಂಡ ಡಿಗ್ರಿ ಕಾನೂನು ಓದಿಗೆ ನಡೆಯಲ್ಲ. ಇಂಥದ್ದೇ ಇನ್ನೊಂದು. ಮೊದಲ ಡಿಗ್ರಿ ಇಲ್ಲದೇ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಮಾಡಿಕೊಂಡವರಿದ್ದರು. ಆ ಎಂ.ಎ. ನಡೆಯಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಕಂಡಕ್ಟರ್ ಅಣ್ಣಾರು ನನ್ನ ಮುಂದೆ ಆಡಿದ್ದು ಒಂದೇ ಮಾತು. "ಮೇಡಂ, ಇದನ್ನ ಸೇರೋವಾಗ ಒಬ್ರರೆ ಹೇಳಬಾರದಿತ್ತಾ?"

ಅದಕ್ಕೇ ಈಗ ನಾನು ಹೇಳ್ತಿರೋದು. ಮೆಟ್ಟಿಲು ಬಿಡಬೇಡಿ. ಹತ್ತು, ಹನ್ನೆರಡು, ಡಿಗ್ರಿ, ಆಮೇಲೆ ಎಂ.ಎ. ಎರಡು ವರ್ಷ ಜಾಸ್ತಿ ಹಿಡಿದರೆ ಹಿಡೀಲಿ. ಹೈಸ್ಕೂಲು ಮುಟ್ಟದೆ ಬಿಟ್ಟವರು ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಪಿಯುಸಿಗೂ ಹಾಗೇ ಕಟ್ಟಬಹುದು, ಕಲಾ ಮತ್ತು ವಾಣಿಜ್ಯ ವಿಭಾಗದಲ್ಲಿ. ವಿಜ್ಞಾನಕ್ಕೆ ಪ್ರಾಕ್ಟಿಕಲ್ ಇರೋದರಿಂದ ಆ ದಾರಿ ಇಲ್ಲ. ಹತ್ತು, ಹನ್ನೆರಡು ಎರಡಕ್ಕೂ ಕೇಂದ್ರ ಸರ್ಕಾರದ ಎನ್‌ಐಒಎಸ್ ಅನ್ನೋ ಮುಕ್ತ ಶಾಲೆಯೂ ಇದೆ. ಅದು ಶುರುವಾಗಿದ್ದು 1989ರಲ್ಲಿ.

ಡಿಗ್ರಿಗೆ ಬಂದರೆ, ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೀಬೇಕು ಅನ್ನೋರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. 1996ರದು. ಇಗ್ನೋ 1985ರದು, ಅಲ್ಲಿ ಹೆಚ್ಚಾಗಿ ಇಂಗ್ಲಿಷ್, ಹಿಂದಿ. ಎಲ್ಲೇ ಸೇರಿ, ಸೇರೋ ವರ್ಷಕ್ಕೆ, ಸೇರೋ ಕೋರ್ಸಿಗೆ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳೋ ಕೇಂದ್ರದ ಆಯೋಗದ ಮಾನ್ಯತೆ ಇದೆಯಾ ಅಂತ ನೋಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ಎಲ್ಲಾ ಕೋರ್ಸಿಗೂ ಇದೆ ಅಂತಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಎಲ್ಲಾ ಇರುತ್ತದೆ. ಮಗನಿಗೋ ಮಗಳಿಗೋ ಹೇಳಿ, ಎರಡು ನಿಮಿಷದಲ್ಲಿ ತೆಗೆದುಕೊಡ್ತಾರೆ. 2024ರಿಂದ ದೂರಶಿಕ್ಷಣಕ್ಕೆ ಸೇರೋರು ಯುಜಿಸಿಯಲ್ಲಿ ಡೆಬ್ ಐಡಿ ಅಂತ ಒಂದು ನಂಬರ್ ಮಾಡಿಸಬೇಕು. ಅದನ್ನು ಕೇಳದೇ ಸೇರಿಸಿಕೊಳ್ತೀವಿ ಅನ್ನೋರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮಾನ್ಯತೆ ಇದ್ದ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟ ಮಾಡಿದೆ. "ಕರೆಸ್ಪಾಂಡೆನ್ಸಾ?" ಅಂತ ಮೂಗು ಮುರಿಯೋರಿಗೆ ಅದನ್ನು ಹೇಳಿ. ಆದರೆ ಎಂಜಿನಿಯರಿಂಗ್, ಕಾನೂನು, ನರ್ಸಿಂಗ್, ಫಾರ್ಮಸಿ, ಇವೆಲ್ಲಾ ದೂರಶಿಕ್ಷಣದಲ್ಲಿ ಇಲ್ಲ. ಪಿಎಚ್‌ಡಿಯೂ ಇಲ್ಲ. ಯಾರಾದರೂ ಮನೇಲಿ ಕೂತೇ ನರ್ಸಿಂಗ್ ಮಾಡಿಸ್ತೀನಿ ಅಂದರೆ ಸುಮ್ನೆ ನಕ್ಕುಬಿಡಿ.

ಏಜೆಂಟರ ಕಾಟ ಜಾಸ್ತಿ ಇರೋದು ಬಿ.ಎಡ್.ನಲ್ಲಿ. "ಅಕ್ಕಾರ, ನೀವು ಬರೋದ ಬ್ಯಾಡ, ಪರೀಕ್ಷಾಕ್ಕಷ್ಟ ಬರ್ರಿ" ಅಂತ ಮನೆ ಬಾಗಿಲಿಗೇ ಬರ್ತಾರೆ. ರೆಗ್ಯುಲರ್ ಬಿ.ಎಡ್.ಗೆ ತರಗತಿಯಲ್ಲಿ ನೂರಕ್ಕೆ 80 ಹಾಜರಿ ಬೇಕು, ಶಾಲೆಗೆ ಹೋಗಿ ಪಾಠ ಮಾಡೋದಕ್ಕೆ 90 ಬೇಕು. ಇದು ಶಿಕ್ಷಕರ ತರಬೇತಿ ನೋಡಿಕೊಳ್ಳೋ ಕೇಂದ್ರದ ಮಂಡಳಿ ಎನ್‌ಸಿಟಿಇ ನಿಯಮ. ದೂರಶಿಕ್ಷಣದ ಬಿ.ಎಡ್. ಇರೋದು ಈಗಾಗಲೇ ಶಿಕ್ಷಕ ತರಬೇತಿ ಆದವರಿಗೆ. ಹೀಗಿರುವಾಗ ಬರೋದೇ ಬೇಡ ಅನ್ನೋನ ಕೈಗೆ ಬಂಗಾರ ಅಡವಿಟ್ಟು ತಂದ ದುಡ್ಡು ಯಾಕೆ ಕೊಡಬೇಕು?

ವಯಸ್ಸಿನ ಮಿತಿ ಎಷ್ಟು ಅಂತ ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬಿ.ಎ., ಎಂ.ಎ.ಗೆ ಮೇಲಿನ ಮಿತಿ ಇಲ್ಲ. ಮೂರು ವರ್ಷದ ಕಾನೂನಿಗೆ ಬಾರ್ ಕೌನ್ಸಿಲ್ 30 ಅಂತ ಇಟ್ಟಿತ್ತು, ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ನೀಟ್‌ಗೂ ಇದ್ದ ಮಿತಿ 2022ರಲ್ಲಿ ಹೋಯ್ತು. ಓದಿಗೆ ವಯಸ್ಸು ಅಡ್ಡ ಬರಲ್ಲ. ಕೆಲಸಕ್ಕೆ ಬರುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡೋದು ನನಗೆ ಸರಿ ಕಾಣಲ್ಲ. ಸರ್ಕಾರಿ ನೇಮಕಾತಿಗೆ ವಯೋಮಿತಿ ಇದೆ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಇದೆಯಲ್ಲ ಮೇಡಂ ಅಂತೀರಿ. ಇದೆ. ನಮ್ಮ ಭಾಗದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ನೂರಕ್ಕೆ 75, ಸಿ ಗುಂಪಿಗೆ 80, ಡಿ ಗುಂಪಿಗೆ 85 ಸ್ಥಳೀಯರಿಗೆ. ಆದರೆ ಅದು ಊರಿನ ಮೀಸಲಾತಿ, ನಿಮ್ಮ ವಯಸ್ಸನ್ನು ಕಡಿಮೆ ಮಾಡಲ್ಲ. 47ಕ್ಕೆ ಬಿ.ಎ. ಮುಗಿಸಿ ಎಸ್‌ಡಿಎ ಆಗ್ತೀನಿ ಅಂದುಕೊಂಡು ಸೇರಬೇಡಿ. ಈಗಾಗಲೇ ಕೆಲಸದಲ್ಲಿದ್ದು ಬಡ್ತಿ ಬೇಕಿದ್ದರೆ ಸೇರಿ. ಕಾಲೇಜಲ್ಲಿ ಪಾಠ ಮಾಡೋ ಆಸೆ ಇದ್ದರೆ ಸೇರಿ, ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಬರೆಯೋ ನೆಟ್‌ಗೆ ಮೇಲಿನ ವಯೋಮಿತಿ ಇಲ್ಲ. ಆದರೆ ಎಂ.ಎ.ಯಲ್ಲಿ ನೂರಕ್ಕೆ 55 ಬೇಕು, ಮೀಸಲಾತಿ ಇದ್ದವರಿಗೆ 50. 54 ತಂದು ಅಳೋರನ್ನು ನೋಡಿದ್ದೀನಿ. ಏನೂ ಕಾರಣ ಇಲ್ಲದೇ ಓದಬೇಕು ಅನ್ನಿಸಿದರೂ ಸೇರಿ. ಸೀರೆ ಯಾಕೆ ತಗೊಂಡೆ ಅಂತ ಯಾರಿಗೂ ಕಾರಣ ಹೇಳಲ್ಲ, ಓದಿಗೆ ಯಾಕೆ ಹೇಳಬೇಕು?

ನಾನು ಗ್ಯಾಪು ಗ್ಯಾಪು ಅಂತಿದ್ದೀನಿ. ಈ ಗ್ಯಾಪು ನಮ್ಮೊಬ್ಬೊಬ್ಬರದೇ ಅಲ್ಲ. ನಮ್ಮಪ್ಪ ಯಲಬುರ್ಗಾ ಕಡೆ ನಾಲ್ಕನೇ ಕ್ಲಾಸಿನವರೆಗೆ ಉರ್ದುವಿನಲ್ಲಿ ಓದಿದ್ದರು. ಆಗ ನಿಜಾಮರ ಆಳ್ವಿಕೆ. ಮನೇಲಿ ಕನ್ನಡ, ಪಾಠ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದ್ದರು, ಅಂಥವು ಬೆರಳೆಣಿಕೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಆ ಗಲಾಟೆಯಲ್ಲಿ ಬಿಟ್ಟ ಅಪ್ಪನ ಶಾಲೆ ಮತ್ತೆ ಶುರುವಾಗಲೇ ಇಲ್ಲ. ಸಾಯೋವರೆಗೂ ಅಂಗಡಿ ಲೆಕ್ಕ ಉರ್ದು ಅಂಕಿಯಲ್ಲಿ ಬರೀತಿದ್ದರು, ನಮಗೆ ಯಾರಿಗೂ ಓದೋಕೆ ಬರ್ತಿರಲಿಲ್ಲ. ಹೊಳೆಯ ಆಚೆ ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ಅಲ್ಲಿಯ ಕಥೆ ಬೇರೆ. 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯ ಹೆಂಗಸರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 48.73. ಅರ್ಧಕ್ಕಿಂತ ಕಡಿಮೆ. ನಮ್ಮಲ್ಲಿ ನಲವತ್ತಕ್ಕೆ ಕಾಲೇಜು ಮುಟ್ಟೋದನ್ನು ತಡ ಅನ್ನೋರು ಮೊದಲು ಈ ಲೆಕ್ಕ ನೋಡಬೇಕು.

ಈಗ ದೂರ ಸ್ವಲ್ಪ ಕಡಿಮೆ ಆಗಿದೆ. ಮೊದಲು ಕೊಪ್ಪಳದ ಕಾಲೇಜಿಗೂ ಕಲಬುರಗಿಯೇ ವಿಶ್ವವಿದ್ಯಾಲಯ. 2010ರಲ್ಲಿ ಬಳ್ಳಾರಿಗೆ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು, 2021ರಲ್ಲಿ ರಾಯಚೂರಿಗೆ, 2023ರಲ್ಲಿ ಕೊಪ್ಪಳಕ್ಕೂ. ಕಟ್ಟಡ, ಮೇಷ್ಟ್ರು, ಅದೆಲ್ಲಾ ಇನ್ನೊಂದು ದಿನ ಮಾತಾಡೋಣ. ನಾನು ಕಣ್ಣಾರೆ ಕಂಡ ಬದಲಾವಣೆ ಬೇರೆ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಫ್ರೀ ಆಯ್ತಲ್ಲ, ಆಮೇಲೆ ನನ್ನ ಭಾನುವಾರದ ತರಗತಿಯಲ್ಲಿ ಹಿಂದಿನ ಬೆಂಚೂ ತುಂಬೋಕೆ ಶುರುವಾಯ್ತು. ಮೊದಲು ಬಸ್ ಚಾರ್ಜಿಗೆ ಗಂಡನ ಹತ್ತಿರ ಕೈ ಒಡ್ಡಬೇಕಿತ್ತು. ಒಡ್ಡಿದಾಗ ಎಲ್ಲಿಗೆ ಅಂತ ಕೇಳ್ತಿದ್ದರು. ಈಗ ಆಧಾರ್ ಕಾರ್ಡ್ ಹಿಡಿದು ಹೊರಟುಬಿಡ್ತಾರೆ.

ಒಂದು ಸಣ್ಣ ಎಚ್ಚರಿಕೆ, ಹಾಲ್ ಟಿಕೆಟ್ ಬಂದ ದಿನವೇ ಬಿಡಿಸಿ ನೋಡಿ. ನನ್ನದರಲ್ಲಿ ಒಮ್ಮೆ ಸಮಾಜಶಾಸ್ತ್ರದ ಬದಲು ಸಂಖ್ಯಾಶಾಸ್ತ್ರ ಅಂತ ಬಂದಿತ್ತು. ಪರೀಕ್ಷೆಯ ಹಿಂದಿನ ಸಂಜೆ ನೋಡಿದೆ. ಯಾರದು ತಪ್ಪು ಅಂತ ಕೊನೆಗೂ ತಿಳೀಲಿಲ್ಲ, ಆರು ತಿಂಗಳು ಮಾತ್ರ ಹೋಯ್ತು.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಬಹಳಷ್ಟು ಫೀಸಿನ ಬಗ್ಗೆ. ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹಿರಿಯರು ಕೈ ಎತ್ತಿದರು. ಬಿಳಿ ಅಂಗಿ, ಹೆಗಲ ಮೇಲೆ ವಲ್ಲಿ, ಅರವತ್ತರ ಹತ್ತಿರ ಇರಬಹುದು.

"ನಂದು 1984ರಾಗ ಎಸ್ಸೆಸ್ಸೆಲ್ಸಿ ಗಣಿತ ಒಂದ ಹೋಗಿತ್ರಿ. ಈಗ ಅದೊಂದ ಕಟ್ಟಾಕ ಬರತೈತೇನ್ರಿ?"

ಹಳೇ ಸಿಲಬಸ್ ಹೋಗಿ ಎಷ್ಟೋ ವರ್ಷ ಆಗಿದೆ, ಬಹುಶಃ ಎಲ್ಲಾ ವಿಷಯ ಹೊಸದಾಗಿ ಬರೀಬೇಕಾಗಬಹುದು, ಯಾವುದಕ್ಕೂ ಹಳೇ ಅಂಕಪಟ್ಟಿ ತನ್ನಿ, ನೋಡೋಣ ಅಂದೆ.

"ಅಂಕಪಟ್ಟಿ ಎಲ್ಲಿಂದ ತರ್ಲಿ ಅಕ್ಕಾರ? 2009ರ ಮಳಿಯಾಗ ಗೋಡಿ ಬಿತ್ತು. ಟ್ರಂಕ್ ಸಮೇತ ಹೋತು."

ಅಷ್ಟು ಹೇಳಿ ಸುಮ್ಮನಾದರು. ಆಮೇಲೆ ಕಣ್ಣು ಮುಚ್ಚಿ ತಮ್ಮ ರಿಜಿಸ್ಟರ್ ನಂಬರ್ ಹೇಳಿದರು. ಒಂದೊಂದೇ ಅಂಕಿ, ಎಲ್ಲೂ ತಡವರಿಸದೆ.

ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೀನಿ. ನಾಳೆ ಅವರ ಹಳೇ ಹೈಸ್ಕೂಲಿಗೆ ಫೋನ್ ಮಾಡಬೇಕು.